ಉಷ್ಣಾಂಶ 2-3 ಡಿಗ್ರಿ ಏರಲಿದೆ ಅಂತಿದೆ ಮುನ್ಸೂಚನೆ: ರೊಬಸ್ಟಾ ಕಾಫಿಗೆ ಈಗಲೇ ಜೆಟ್ ಹಾಕಬೇಕಾ, ಹೂಮಳೆ ಕಾಯಬೇಕಾ?

ಸಿದ್ದಾಪುರ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರ ಸೀಮೆ. 6 ಎಕರೆ ರೊಬಸ್ಟಾ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ. ಅಪ್ಪ ತೀರಿಕೊಂಡ ಮೇಲೆ ತೋಟವನ್ನು ಅಮ್ಮ ಮತ್ತು ನಾನು ನೋಡಿಕೊಳ್ಳುತ್ತಿದ್ದೇವೆ. ಮೊಗ್ಗು ಅರಳಿಸುವ ಹೂಮಳೆ ಕಾಯದೆ ಸ್ಪ್ರಿಂಕ್ಲರಿನಿಂದ ನೀರು ಹೊಡೆಯುವುದಕ್ಕೆ ಜೆಟ್ ಅನ್ನುತ್ತೇವೆ. ಜೆಟ್ ಹಾಕುವ ದಿನವನ್ನು ಅಪ್ಪನೇ ನಿರ್ಧರಿಸುತ್ತಿದ್ದರು. ಈಗ ಆ ನಿರ್ಧಾರ ನನ್ನ ಮೇಲಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತ ಅಮ್ಮ ಹೇಳುತ್ತಿದ್ದರು. ಈ ಸಲ ಹಾಗೇ ಆಗಿದೆ. ಹಬ್ಬದವರೆಗೂ ಬೆಳಿಗ್ಗೆ ಕಣಕ್ಕೆ ಹೋಗಲು ಸ್ವೆಟರ್ ಬೇಕಿತ್ತು. ಈಗ 8 ಗಂಟೆಗೇ ಬಿಸಿಲು ಚುರುಕಾಗಿದೆ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ದಕ್ಷಿಣ ಒಳನಾಡಿನಲ್ಲಿ ಮುಂದಿನ 4 ದಿನ ಗರಿಷ್ಠ ಉಷ್ಣಾಂಶ ಕ್ರಮೇಣ 2ರಿಂದ 3 ಡಿಗ್ರಿ ಏರಲಿದೆ, ಒಣ ಹವೆ ಇರಲಿದೆ ಅಂತಿದೆ. ಟಿವಿಯಲ್ಲಿ ಇದನ್ನೇ ಬೆಂಕಿ ಬಿಸಿಲು ಅಂತ ತೋರಿಸುತ್ತಿದ್ದಾರೆ. ನನ್ನ ಫೋನಿನಲ್ಲಿ ಶುಕ್ರವಾರಕ್ಕೆ 34 ಡಿಗ್ರಿ ಅಂತ ಬರುತ್ತಿದೆ.

ತೋಟದ ಪರಿಸ್ಥಿತಿ ಹೀಗಿದೆ. ಕೆಳಗಿನ 4 ಎಕರೆ ಕೊಯ್ಲು ಮುಗಿದಿದೆ. ಮೇಲಿನ 2 ಎಕರೆಯಲ್ಲಿ ಇನ್ನೂ ಹಣ್ಣಿದೆ, ಆಳು ಸಿಗುತ್ತಿಲ್ಲ. ಕಣದಲ್ಲಿ ಚೆರ್ರಿ (ಕೊಯ್ದ ಕಾಫಿ ಹಣ್ಣು) ಒಣಗುತ್ತಿದೆ, ಮೆಣಸೂ ಇದೆ. ಕೆಳಗಿನ ಗಿಡಗಳಲ್ಲಿ ಮೊಗ್ಗು ಚೆನ್ನಾಗಿ ಬಲಿತಿದೆ. ಮಧ್ಯಾಹ್ನ ಎಲೆ ಬಾಡುತ್ತೆ, ಬೆಳಿಗ್ಗೆ ಮತ್ತೆ ಸರಿಯಾಗುತ್ತೆ. ನೀರಿಗೆ ಇರುವುದು ನಮ್ಮದೇ ಒಂದು ಕೆರೆ. 100 ಅಡಿ ಉದ್ದ, 60 ಅಡಿ ಅಗಲ, ಸರಾಸರಿ 7 ಅಡಿ ನೀರು.

ಪಕ್ಕದ ತೋಟದವರು ಆಗಲೇ ಜೆಟ್ ಶುರು ಮಾಡಿದ್ದಾರೆ. ನಾನೂ ಶುರು ಮಾಡಬೇಕಾ? ಭೂಮಿ ಇಷ್ಟು ಬಿಸಿಯಾದ ಮೇಲೆ ಮಳೆ ತಾನಾಗಿ ಬರುತ್ತೆ ಅಂತ ಕಾಯಬೇಕಾ? ಇನ್ನೊಂದು ವಿಷಯ, ನಮ್ಮ ಕಡೆ ರಾತ್ರಿ ಪಂಪ್ ಹಾಕಲು ಹೋಗುವುದೆಂದರೆ ಆನೆ ಭಯ. ಆಳುಗಳನ್ನು ಕತ್ತಲಲ್ಲಿ ಪೈಪ್ ಬದಲಿಸಲು ಕಳಿಸಲು ನನಗೆ ಮನಸ್ಸಿಲ್ಲ.

ಮೂಡಿಗೆರೆ 2 ಎಕರೆ

ನನ್ನ ಅಭಿಪ್ರಾಯ ಕಾಯಿರಿ ಅಂತ. ಭೂಮಿ ಹೀಗೆ ಕಾದರೆ ಮಳೆ ಬಂದೇ ಬರುತ್ತೆ. ನಮ್ಮಲ್ಲಿ ಹಿರಿಯರು ಹೇಳುವುದೂ ಅದೇ. ಡೀಸೆಲ್ ಬೆಲೆ ನೋಡಿದರೆ ಜೆಟ್ ಹಾಕುವ ಧೈರ್ಯ ಬರಲ್ಲ. ಮಾರ್ಚ್ ಮೊದಲ ವಾರದವರೆಗೆ ನೋಡಿ. ಕಣದಲ್ಲಿ ಚೆರ್ರಿ ಇದೆ ಅಂದಿರಿ, ಈ ಬಿಸಿಲು ಅದಕ್ಕೆ ವರವೇ ಅಲ್ವಾ.

ಹೊನ್ನಾವರ ಗೇರು

ಕಾಫಿ ಬಗ್ಗೆ ನನಗೆ ತಿಳಿಯದು. ಆದರೆ ಫೆಬ್ರವರಿ ಬಿಸಿಲನ್ನು ಕರಾವಳಿಯವರು ಚೆನ್ನಾಗಿ ಬಲ್ಲೆವು. ನಿಮ್ಮ ಟಿವಿಯವರು ತೋರಿಸುವ ಬೆಂಕಿ ಬಿಸಿಲು ಹೆಚ್ಚಾಗಿ ನಮ್ಮ ಕಡೆಯದು. ನಮಗೂ ನಿಮಗೂ ನಡುವೆ ಘಟ್ಟ ಇದೆ, ಕಾರಣವೂ ಬೇರೆ.

ಈ ತಿಂಗಳಲ್ಲಿ ನಮಗೆ ಮೂಡಣ ಗಾಳಿ ಬೀಸುತ್ತೆ. ಒಳನಾಡಿನ ಒಣ ಗಾಳಿ ಘಟ್ಟ ಇಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಇನ್ನೂ ಬಿಸಿಯಾಗುತ್ತೆ. ಅದು ಜೋರಾಗಿದ್ದರೆ ಕಡಲ ಗಾಳಿ ಒಳಗೆ ಬರಲು ಆಗಲ್ಲ. ಬೆಳಿಗ್ಗೆ 11ಕ್ಕೆಲ್ಲ ಬರಬೇಕಾದ ಗಾಳಿ ಮಧ್ಯಾಹ್ನ 2 ಗಂಟೆಗೆ ಬಂದರೆ ನಡುವಿನ 3 ಗಂಟೆಯಲ್ಲಿ ಉಷ್ಣಾಂಶ ಏರಿಬಿಡುತ್ತೆ. ಗಾಳಿ ತಿರುಗಿದ ಕೂಡಲೇ ಇಳಿಯುತ್ತೆ. 2025ರ ಫೆಬ್ರವರಿ ಕೊನೆಯ ವಾರ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿ ಎಚ್ಚರಿಕೆ ಕೊಟ್ಟಿದ್ದರು. ಇಲಾಖೆಯ ಲೆಕ್ಕದಲ್ಲಿ ಫೆಬ್ರವರಿ ಇನ್ನೂ ಚಳಿಗಾಲವೇ. ಬೇಸಿಗೆ ಲೆಕ್ಕ ಶುರುವಾಗುವುದು ಮಾರ್ಚ್ 1ರಿಂದ.

ಕರಾವಳಿಯಲ್ಲಿ ಬಿಸಿಗಾಳಿ ಅನ್ನಬೇಕಾದರೆ ಗರಿಷ್ಠ ಉಷ್ಣಾಂಶ 37 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಬಯಲುಸೀಮೆಗೆ 40, ಗುಡ್ಡಗಾಡಿಗೆ 30 ಅಂತ ಬೇರೆ ಅಳತೆ ಇದೆ. ನಿಮಗೆ ಬಂದಿರುವುದು ಬರೀ ಏರಿಕೆಯ ಸೂಚನೆ. ಎಚ್ಚರಿಕೆ ಅಲ್ಲ. ಟಿವಿ ನೋಡಿ ಗಾಬರಿಯಾಗಬೇಡಿ. ನಮ್ಮ ಗೇರು ಹೂವಿಗೆ ಮಾತ್ರ ಈ ಮೂಡಣ ಗಾಳಿ ನಿಜಕ್ಕೂ ಕಷ್ಟ, ಹೂಗೊಂಚಲು ಕಪ್ಪಾಗಿ ಒಣಗುತ್ತೆ.

ಮಳೆಲೆಕ್ಕ

ಬಾಳೆಹೊನ್ನೂರು ಕಡೆಯವನು ನಾನು. ತೋಟದಲ್ಲಿ ಮಳೆ ಮಾಪಕ ಇದೆ, ನೆರಳಿನಲ್ಲಿ ತೂಗುಹಾಕಿದ ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಇದೆ. ಎರಡನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಮೊದಲು ಮುನ್ಸೂಚನೆ ಬಗ್ಗೆ ಹೇಳಿ, ಆಮೇಲೆ ನಿಮ್ಮ ಕೆರೆಗೆ ಬರುತ್ತೇನೆ. ನಿಜವಾದ ಉತ್ತರ ಇರುವುದು ಕೆರೆಯಲ್ಲಿ.

ಕ್ರಮೇಣ 2-3 ಡಿಗ್ರಿ ಏರಿಕೆ ಅನ್ನುವುದನ್ನು ಇವತ್ತಿನ ಉಷ್ಣಾಂಶಕ್ಕೆ ಹೋಲಿಸಿ ಹೇಳುತ್ತಾರೆ. ವಾಡಿಕೆಗಿಂತ 2-3 ಡಿಗ್ರಿ ಜಾಸ್ತಿ ಅನ್ನುವುದು ಬೇರೆ. ಅದನ್ನು 1991ರಿಂದ 2020ರವರೆಗಿನ 30 ವರ್ಷದ ಸರಾಸರಿಗೆ ಹೋಲಿಸುತ್ತಾರೆ. ಇವತ್ತು ನಿಮ್ಮಲ್ಲಿ ವಾಡಿಕೆಗಿಂತ 1 ಡಿಗ್ರಿ ಕಡಿಮೆ ಇದ್ದರೆ, 2 ಡಿಗ್ರಿ ಏರಿದರೂ ವಾಡಿಕೆಗಿಂತ 1 ಡಿಗ್ರಿ ಮಾತ್ರ ಜಾಸ್ತಿ ಆಗುತ್ತೆ. ಇನ್ನು ಈ ಕಾಲದಲ್ಲಿ ವಾಡಿಕೆಯೂ ಒಂದು ಕಡೆ ನಿಂತಿರಲ್ಲ. ಬೆಂಗಳೂರನ್ನೇ ತಗೊಳ್ಳಿ. ಗರಿಷ್ಠ ಉಷ್ಣಾಂಶದ ಸರಾಸರಿ ಜನವರಿಯಲ್ಲಿ 28ರ ಆಸುಪಾಸು, ಫೆಬ್ರವರಿಯಲ್ಲಿ 30, ಮಾರ್ಚ್‌ನಲ್ಲಿ 33ರ ಹತ್ತಿರ. ಸೂರ್ಯ ಉತ್ತರಕ್ಕೆ ಬರುತ್ತಿದ್ದಾನೆ, ಹಗಲು ಉದ್ದವಾಗುತ್ತಿದೆ, ಮಣ್ಣು ಒಣಗಿದೆ, ಆಕಾಶದಲ್ಲಿ ಮೋಡ ಇಲ್ಲ. ಏರಿಕೆ ಆಗಲೇಬೇಕು. ರಥಸಪ್ತಮಿ ಕಳೆದ ಮೇಲೆ ಬಿಸಿಲು ಬಲಿಯುತ್ತೆ ಅಂತ ಹಿರಿಯರು ಹೇಳುತ್ತಿದ್ದದ್ದು ಇದನ್ನೇ.

ಹಾಗಂತ ಫೆಬ್ರವರಿ ಬಿಸಿಲು ಮೊದಲಿನಂತೆಯೇ ಇದೆ ಅಂತ ನಾನು ಹೇಳುತ್ತಿಲ್ಲ. ದೇಶದ ಗರಿಷ್ಠ ಉಷ್ಣಾಂಶದ ಸರಾಸರಿ ನೋಡಿದರೆ 1901ರಿಂದ ಈಚೆಗೆ 2023ರ ಫೆಬ್ರವರಿಯೇ ಅತಿ ಬಿಸಿ. ಹಗಲು-ರಾತ್ರಿ ಸೇರಿಸಿದ ಸರಾಸರಿಯಲ್ಲಿ 2025ರ ಫೆಬ್ರವರಿ ಅದನ್ನೂ ಮೀರಿಸಿತು. ತೋಟ ಇಟ್ಟುಕೊಂಡವರಿಗೆ ಇದು ಚಿಂತೆಯ ವಿಷಯವೇ. ಆದರೆ ಆ ದೊಡ್ಡ ಲೆಕ್ಕದಿಂದ ಈ ಶುಕ್ರವಾರ ಜೆಟ್ ಹಾಕಬೇಕಾ ಬೇಡವಾ ಅಂತ ತಿಳಿಯಲ್ಲ.

ದಕ್ಷಿಣ ಒಳನಾಡು ಅಂದರೆ ಯಾವುದೆಲ್ಲ ಸೇರಿದೆ ನೋಡಿ. ಕೋಲಾರ, ಚಿತ್ರದುರ್ಗ, ಮೈಸೂರು, ಚಾಮರಾಜನಗರ, ಜೊತೆಗೆ ಕೊಡಗು, ಚಿಕ್ಕಮಗಳೂರು. ಚಿತ್ರದುರ್ಗದ ಬಯಲಿಗೂ ನಿಮ್ಮ ನೆರಳಿನ ತೋಟಕ್ಕೂ ಒಂದೇ ಸಾಲಿನ ಮುನ್ಸೂಚನೆ. ಮಡಿಕೇರಿಯ ಅಂಕಿಯನ್ನೂ ಹಾಗೇ ತಗೊಳ್ಳಬೇಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ನಿಮ್ಮ ಸೀಮೆ ತಗ್ಗು. 100 ಮೀಟರ್ ಇಳಿದರೆ ಹಗಲಲ್ಲಿ ಅರ್ಧ ಡಿಗ್ರಿಗಿಂತ ಜಾಸ್ತಿಯೇ ಏರುತ್ತೆ. ಫೋನಿನ 34 ಕಂಪ್ಯೂಟರ್ ಮಾದರಿ ಒಂದು ದೊಡ್ಡ ಚೌಕಕ್ಕೆಲ್ಲ ಸೇರಿಸಿ ಕೊಟ್ಟ ಅಂದಾಜು. ಒಂದು ಗರಿಷ್ಠ-ಕನಿಷ್ಠ ಥರ್ಮಾಮೀಟರ್ ತಗೊಂಡು, ಗಾಳಿಯಾಡುವ ನೆರಳಿನಲ್ಲಿ, ಎದೆಮಟ್ಟಕ್ಕೆ ತೂಗುಹಾಕಿ. ಗೋಡೆಗೆ ಮಾತ್ರ ಬೇಡ, ಗೋಡೆ ಸಂಜೆಯವರೆಗೂ ಬಿಸಿ ಉಗುಳುತ್ತೆ.

ಮಳೆ ಬಗ್ಗೆ ಮೂಡಿಗೆರೆಯವರ ಮಾತಿಗೆ ನಾನು ಒಪ್ಪಲ್ಲ, ಬೇಸರ ಮಾಡಿಕೊಳ್ಳಬೇಡಿ. ಬಿಸಿಲು ಗಾಳಿಯನ್ನು ಮೇಲೆತ್ತುತ್ತೆ, ಅಷ್ಟೇ. ಮೇಲೆ ಹೋಗುವ ಗಾಳಿಯಲ್ಲಿ ತೇವ ಇಲ್ಲದಿದ್ದರೆ ಗುಡುಗಿನ ಮೋಡ ಕಟ್ಟಲ್ಲ. ತೇವ ಸಮುದ್ರದ ಕಡೆಯಿಂದ ಬರಬೇಕು. ಅದು ಬಂದರೆ ಮೊದಲು ಗೊತ್ತಾಗುವುದು ರಾತ್ರಿಯಲ್ಲಿ. ಒಣ ಗಾಳಿ ಇದ್ದಾಗ ಹಗಲು ಎಷ್ಟೇ ಕಾದರೂ ರಾತ್ರಿ ಚಳಿಯಾಗುತ್ತೆ, ನೆಲದ ಬಿಸಿ ಸೀದಾ ಆಕಾಶಕ್ಕೆ ಹೋಗುತ್ತೆ. ತೇವ ಬಂದಾಗ ಕನಿಷ್ಠ ಉಷ್ಣಾಂಶ ಏರುತ್ತೆ, ಮುಂಜಾನೆ ಸೆಖೆ ಅನಿಸುತ್ತೆ, ಮಧ್ಯಾಹ್ನ ಗುಡ್ಡದ ಮೇಲೆ ಉಬ್ಬು ಮೋಡ ಕಾಣುತ್ತೆ. ಹೂಮಳೆ ಕಾಯುವವರು ಗರಿಷ್ಠ ಉಷ್ಣಾಂಶಕ್ಕಿಂತ ಕನಿಷ್ಠವನ್ನು ನೋಡಬೇಕು. ನಿಮಗೆ ಬಂದ ಮುನ್ಸೂಚನೆಯಲ್ಲಿ ಒಣ ಹವೆ ಅಂತ ಸ್ಪಷ್ಟವಾಗಿದೆ. ಮುಂದಿನ 4 ದಿನಕ್ಕೆ ಮಳೆಯ ಆಸೆ ಬಿಡಿ.

ಈಗ ಕೆರೆ. 100 ಅಡಿ, 60 ಅಡಿ, 7 ಅಡಿ ಅಂದರೆ 42,000 ಘನ ಅಡಿ. ಸುಮಾರು 11.9 ಲಕ್ಷ ಲೀಟರ್. ತಳದ ಒಂದು ಅಡಿ ಕೆಸರು ನೀರು ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಸಿಗಲ್ಲ. ಈ ಬಿಸಿಲಿಗೆ ದಿನಕ್ಕೆ 5 ಮಿ.ಮೀ. ಆವಿಯಾದರೂ ನಿಮ್ಮ ಕೆರೆಯಿಂದ 2,800 ಲೀಟರ್ ಹೋಗುತ್ತೆ. ಎಲ್ಲ ಕಳೆದು ಕೈಗೆ ಸಿಗುವುದು 10 ಲಕ್ಷ ಲೀಟರ್ ಅಂತ ಇಟ್ಟುಕೊಳ್ಳಿ.

ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1.03 ಲಕ್ಷ ಲೀಟರ್. ರೊಬಸ್ಟಾ ಹೂವಿಗೆ ಒಂದೂವರೆ ಇಂಚು ಕೊಡಿ. ಆಮೇಲೆ 15-20 ದಿನಕ್ಕೆ ಬ್ಯಾಕಿಂಗ್ ನೀರು, ಅಂದರೆ ಪಿಂದೆ ನಿಲ್ಲಲು ಕೊಡುವ ಎರಡನೇ ನೀರು, ಒಂದು ಇಂಚು. ಒಟ್ಟು ಎರಡೂವರೆ ಇಂಚು, ಎಕರೆಗೆ 2.57 ಲಕ್ಷ ಲೀಟರ್. 6 ಎಕರೆಗೆ 15 ಲಕ್ಷಕ್ಕೂ ಮೇಲೆ ಬೇಕು. ನಿಮ್ಮಲ್ಲಿ ಇರುವುದು 4 ಎಕರೆಗೆ ಮಾತ್ರ.

ಇಲ್ಲಿಯೇ ಎಷ್ಟೋ ತೋಟಗಳಲ್ಲಿ ನಷ್ಟ ಆಗುವುದು. ಇರುವ ನೀರನ್ನು 6 ಎಕರೆಗೂ ಹಂಚಿ ತೆಳ್ಳಗೆ ಹೊಡೆಯುತ್ತಾರೆ. ಮುಕ್ಕಾಲು ಇಂಚು ಬಿದ್ದ ಗಿಡದಲ್ಲಿ ಮೊಗ್ಗು ಊದುತ್ತೆ, ಸರಿಯಾಗಿ ಅರಳಲ್ಲ. ಅಥವಾ ಹೂವಿಗೆ ಪೂರ್ತಿ ಕೊಟ್ಟು ಬ್ಯಾಕಿಂಗ್‌ಗೆ ನೀರಿಲ್ಲದೆ ಕೂರುತ್ತಾರೆ, ಕಟ್ಟಿದ ಪಿಂದೆ ಉದುರುತ್ತೆ. ನೀರು ಕಡಿಮೆ ಇದ್ದರೆ ಎಕರೆ ಕಡಿಮೆ ಮಾಡಬೇಕು. ಇಂಚು ಕಡಿಮೆ ಮಾಡಬಾರದು. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ನಿಮ್ಮ ಅದೃಷ್ಟಕ್ಕೆ ಕೊಯ್ಲು ಮುಗಿದಿರುವುದೂ ಅದೇ 4 ಎಕರೆ. ಮೊಗ್ಗು ಬಲಿತಿದೆ, ಮಧ್ಯಾಹ್ನ ಎಲೆ ಬಾಡಿ ಬೆಳಿಗ್ಗೆ ಚೇತರಿಸಿಕೊಳ್ಳುತ್ತಿದೆ ಅಂದಿರಿ. ಗಿಡ ತಯಾರಾಗಿದೆ ಅಂತ ಅರ್ಥ. ಬೆಳಿಗ್ಗೆಯೂ ಎಲೆ ಏಳದಿದ್ದರೆ ತಡವಾಯಿತು ಅಂತ. ಆ ಹಂತಕ್ಕೆ ಬಿಡಬೇಡಿ. ಕೆಳಗಿನ 4 ಎಕರೆಗೆ ಈ ವಾರವೇ ಶುರು ಮಾಡಿ. ಮೇಲಿನ 2 ಎಕರೆಯ ಹಣ್ಣು ಕೊಯ್ದು ಮುಗಿಸಿ, ಅದನ್ನು ಮಳೆಗೆ ಬಿಡಿ. ಹಣ್ಣಿರುವ ಗಿಡಕ್ಕೆ ನೀರು ಹೊಡೆದರೆ ಹೂ ಬಂದ ಮೇಲೆ ಕೊಯ್ಯುವಾಗ ಕೈ ತಾಗಿ ಹೂ ಹಾಳು.

ಆನೆ ಇರುವ ಕಡೆ ರಾತ್ರಿ ಆಳು ಕಳಿಸಬೇಡಿ, ನಿಮ್ಮ ಯೋಚನೆ ಸರಿ. ಬೆಳಕು ಹರಿದ ಮೇಲೆ ಶುರು ಮಾಡಿ 11ರೊಳಗೆ ಒಂದು ಶಿಫ್ಟ್, ಸಂಜೆ 4ರಿಂದ ಕತ್ತಲಾಗುವ ಮೊದಲು ಇನ್ನೊಂದು. ನಡು ಮಧ್ಯಾಹ್ನ ಗಾಳಿ ಜಾಸ್ತಿ, ನೀರು ಒಂದೇ ಪಕ್ಕಕ್ಕೆ ಹೋಗುತ್ತೆ, ಆವಿಯೂ ಜಾಸ್ತಿ. ದಿನ ಎರಡು ಜಾಸ್ತಿ ಆಗಲಿ, ಪರವಾಗಿಲ್ಲ.

ಸಿದ್ದಾಪುರ ತೋಟ

ತುಂಬಾ ಥ್ಯಾಂಕ್ಸ್ ಅಣ್ಣ. ಕೆರೆ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪನೂ ಮೇಲಿನ ಪಟ್ಟಿಗೆ ಕೊನೆಗೇ ನೀರು ಹಾಕಿಸುತ್ತಿದ್ದರು, ಎಷ್ಟೋ ವರ್ಷ ಹಾಕಿಸುತ್ತಲೇ ಇರಲಿಲ್ಲ ಅಂದರು. ಅದು ಯಾಕೆ ಅಂತ ಈಗ ಇಬ್ಬರಿಗೂ ಗೊತ್ತಾಯಿತು. 4 ಎಕರೆಗೆ ಶುರು ಮಾಡುತ್ತೇವೆ.

ಎರಡು ಅನುಮಾನ ಉಳಿದಿದೆ. ಜೆಟ್ ಹಾಕಿದ ಮೇಲೆ ಹೂ ಅರಳುವ ದಿನವೇ ಮಳೆ ಬಂದರೆ ಏನು ಮಾಡುವುದು? ಜೆಟ್ ಅಳತೆ ಒಂದೂವರೆ ಇಂಚು ಆಯಿತು ಅಂತ ತಿಳಿಯುವುದು ಹೇಗೆ? ಅಪ್ಪ ಗಂಟೆ ಲೆಕ್ಕದಲ್ಲಿ ಹಾಕಿಸುತ್ತಿದ್ದರು, ಎಷ್ಟು ಗಂಟೆ ಅಂತ ಬರೆದಿಟ್ಟಿಲ್ಲ.

ಗದಗ ಎರೆಹೊಲ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಉತ್ತರ ಒಳನಾಡಿಗೂ ಇದೇ 2-3 ಡಿಗ್ರಿ ಏರಿಕೆ ಅಂತ ಬಂದಿದೆ. ನಮಗೆ ಇದು ಒಳ್ಳೆಯ ಸುದ್ದಿ. ಬಿಳಿಜೋಳ ಚಳಿ ಮತ್ತು ಇಬ್ಬನಿಯಲ್ಲಿ ಬೆಳೆದು ಈಗ ಬಲಿತಿದೆ, ಕೆಲವರದ್ದು ಕಿತ್ತು ಒಣಗಲು ಬಿಟ್ಟಾಗಿದೆ. ಒಣ ಬಿಸಿಲು ಸಿಕ್ಕರೆ ರಾಶಿ ಬೇಗ ಮುಗಿಯುತ್ತೆ. ನಾವು ಬೇಡುವುದು ಈಗ ಮಳೆ ಬಾರದಿರಲಿ ಅಂತ, ತೆನೆ ನೆನೆದರೆ ಕಾಳು ಕಪ್ಪಾಗುತ್ತೆ. ತಡವಾಗಿ ಗೋಧಿ ಬಿತ್ತಿದವರಿಗೆ ಮಾತ್ರ ಕಷ್ಟ. ಕಾಳು ತುಂಬುವ ಹೊತ್ತಿಗೆ ಬಿಸಿಲು ಏರಿದರೆ ಕಾಳು ಜಳ್ಳಾಗುತ್ತೆ. ಒಂದೇ ರಾಜ್ಯ, ಒಂದೇ ಮುನ್ಸೂಚನೆ, ನೀವು ಮಳೆ ಕಾಯುತ್ತಿದ್ದೀರಿ, ನಾವು ಬೇಡ ಅನ್ನುತ್ತಿದ್ದೇವೆ. ನಿಮ್ಮ ತೋಟಕ್ಕೆ ಒಳ್ಳೆಯದಾಗಲಿ ರೀ.

ಮಳೆಲೆಕ್ಕ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಸುಲಭ. ಬದಿ ನೇರವಾಗಿರುವ 5-6 ಡಬ್ಬಿಗಳನ್ನು ಜೆಟ್ ಬೀಳುವ ಜಾಗದಲ್ಲಿ ಬೇರೆ ಬೇರೆ ದೂರಕ್ಕೆ ಇಡಿ. ಬಾಯಿ ಮತ್ತು ತಳ ಒಂದೇ ಅಗಲ ಇರಬೇಕು, ಅಷ್ಟೇ. ಎಲೆ ಕೆಳಗೆ ಇಡಬೇಡಿ. ಒಂದು ಗಂಟೆ ಬಿಟ್ಟು ಸ್ಕೇಲಿನಿಂದ ಅಳೆಯಿರಿ. ಸರಾಸರಿ 10 ಮಿ.ಮೀ. ಬಂದಿದ್ದರೆ ಒಂದೂವರೆ ಇಂಚಿಗೆ, ಅಂದರೆ 38 ಮಿ.ಮೀ.ಗೆ, ಹತ್ತಿರ ಹತ್ತಿರ 4 ಗಂಟೆ ಬೇಕು. ನಿಮ್ಮ ಪಂಪಿನ ಒತ್ತಡ, ನಳಿಗೆ, ಜೆಟ್‌ಗಳ ನಡುವಿನ ದೂರ ನೋಡಿಕೊಂಡು ಇದು ಬದಲಾಗುತ್ತೆ. ಅದಕ್ಕೇ ಬೇರೆಯವರ ಗಂಟೆ ಲೆಕ್ಕ ಕೇಳಬೇಡಿ. ಅಳೆದದ್ದನ್ನು ಬರೆದಿಡಿ, ಮುಂದಿನ ವರ್ಷಕ್ಕೆ ಬೇಕಾಗುತ್ತೆ.

ಹೂವಿನ ದಿನದ ಮಳೆ ಬಗ್ಗೆ ನಿಮ್ಮ ಭಯ ಸರಿಯಾದದ್ದೇ. ನೀರು ಬಿದ್ದ 7-8 ದಿನಕ್ಕೆ ರೊಬಸ್ಟಾ ಅರಳುತ್ತೆ. ಅರಬಿಕಾ ಆದರೆ 9-10 ದಿನ. ಅರಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟಿಕೊಳ್ಳುತ್ತೆ. ರೊಬಸ್ಟಾಗೆ ಇನ್ನೊಂದು ಗಿಡದ ಪರಾಗ ಬೇಕೇ ಬೇಕು, ಅದನ್ನು ಗಾಳಿ ಮತ್ತು ಜೇನುಹುಳ ತರಬೇಕು. ಅರಳಿದ ದಿನ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತೆ, ಹುಳವೂ ಹಾರಲ್ಲ. ಮುನ್ಸೂಚನೆ ನಂಬುವಷ್ಟು ಸಿಗುವುದು 5 ದಿನಕ್ಕೆ. ನಿಮ್ಮ ಹೂ ಅರಳುವುದು 8ನೇ ದಿನ. ಈ 3 ದಿನದ ಅಂತರವನ್ನು ಯಾರೂ ತುಂಬಲು ಆಗಲ್ಲ. ಒಂದು ಉಪಾಯ ಇದೆ. 4 ಎಕರೆಯನ್ನು ಒಂದೇ ದಿನಕ್ಕೆ ಸೇರಿಸಬೇಡಿ. ಹಗಲು ಮಾತ್ರ ಪಂಪ್ ಹಾಕಿದರೆ ಹೇಗೂ ಕೆಲವು ದಿನ ಹಿಡಿಯುತ್ತೆ. ಹೂವೂ ಅಷ್ಟು ದಿನ ಹಂಚಿಕೊಂಡು ಅರಳುತ್ತೆ. ಒಂದು ಸಂಜೆ ಮಳೆ ಬಂದರೆ ಒಂದು ಪಟ್ಟಿ ಮಾತ್ರ ಸಿಕ್ಕಿಹಾಕಿಕೊಳ್ಳುತ್ತೆ. ರಾತ್ರಿ ಪಂಪ್ ಹಾಕದಿರುವುದರಿಂದ ನಿಮಗೆ ಈ ಲಾಭವೂ ಇದೆ.

ಅರಳುವ ವಾರ ತೋಟಕ್ಕೆ ಯಾವ ಔಷಧಿಯನ್ನೂ ಹೊಡೆಸಬೇಡಿ, ಜೇನು ಸಾಯುತ್ತೆ. ನೆರಳಿನ ಮರದ ಕೊಂಬೆಯನ್ನೂ ಈಗ ಕಡಿಸಬೇಡಿ. ಕೊಂಬೆ ಕಡಿಯುವವರು ಖಾಲಿ ಇದ್ದಾರೆ ಅಂತ ಈ ಬಿಸಿಲಿಗೆ ತೋಟ ತೆರೆದರೆ ಕೊಟ್ಟ ನೀರೆಲ್ಲ ಆವಿ.

ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ ನೋಡುತ್ತಿರಿ. ಮೇಘದೂತ್ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯದೇ ಸಿಗುತ್ತೆ. ಪಕ್ಕದ ಪಂಚಾಯಿತಿಗಳಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿಂದ ತಿಳಿಯುತ್ತೆ. ಅವರ ವರುಣಮಿತ್ರ ಸಹಾಯವಾಣಿಗೂ ಕೇಳಬಹುದು.

ಬ್ಯಾಕಿಂಗ್‌ಗೆ ಇನ್ನೊಂದು ಮಾತು. ಹೂ ನೀರು ಕೊಟ್ಟ 15ನೇ ದಿನದ ಹೊತ್ತಿಗೆ ಮಳೆ ಮಾಪಕ ನೋಡಿ. ಅಷ್ಟರಲ್ಲಿ ಒಂದು ಇಂಚು, ಅಂದರೆ 100 ಸೆಂಟ್, ಮಳೆ ಬಿದ್ದಿದ್ದರೆ ಕೆಳಗಿನ 4 ಎಕರೆಗೆ ಮತ್ತೆ ಜೆಟ್ ಬೇಡ. ಅದೇ ಮಳೆಗೆ ಮೇಲಿನ 2 ಎಕರೆ ಅರಳುತ್ತೆ. ಉಳಿದ 4 ಲಕ್ಷ ಲೀಟರ್ ಅದರ ಬ್ಯಾಕಿಂಗ್‌ಗೆ ಸಾಕು. 10-20 ಸೆಂಟ್ ಮಾತ್ರ ಬಿದ್ದಿದ್ದರೆ ಕೆಳಗಿನದಕ್ಕೆ ಪೂರ್ತಿ ಒಂದು ಇಂಚು ಕೊಟ್ಟುಬಿಡಿ. ಮೇಲಿನ ಪಟ್ಟಿಯ ಮೊಗ್ಗು ಆ ಸಣ್ಣ ಮಳೆಗೆ ಊದಿದೆಯಾ ನೋಡಿ ಇಲ್ಲಿ ಫೋಟೋ ಹಾಕಿ. ಊದಿದ್ದರೆ ಅದಕ್ಕೂ ಸ್ವಲ್ಪ ನೀರು ಬೇಕಾಗುತ್ತೆ, ಎಷ್ಟು ಎಕರೆಗೆ ಹೊಂದಿಸಬಹುದು ಅಂತ ಆಗ ಕೆರೆಯ ಮಟ್ಟ ಅಳೆದು ಲೆಕ್ಕ ಹಾಕೋಣ.